ಗೂಡುಗಳಿಗೆ ಮಳೆ ತೋರಿಸಿದ ಬೇಸಿಗೆ

ಒದ್ದೆ ಲಾವಂಚದ ವಾಸನೆ ನನಗೆ ಆಗಿಬರುವುದಿಲ್ಲ. ಹೇಳಿದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಹೋದ ವಾರ ಸೊಸೆ ಕುಡಿಯುವ ನೀರಿನ ಹೂಜಿಗೆ ಲಾವಂಚದ ಬೇರು ಹಾಕಿಟ್ಟಿದ್ದಳು. ಒಂದು ಗುಟುಕು ಬಾಯಿಗೆ ಹೋದದ್ದೇ ತಡ, ಲೋಟ ಕೆಳಗಿಟ್ಟುಬಿಟ್ಟೆ. "ಯಾಕ್ರೀ ಅತ್ತಿ, ಮೈಗೆ ತಂಪು ಅಲ್ಲೇನ್ರಿ?" ಎಂದಳು. ತಂಪು ಹೌದು, ಯಾರು ಅಲ್ಲವೆಂದರು? ಆ ತಂಪನ್ನೇ ನಾನು ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನಾಗಪುರದ ಒಂದು ಹಿಂದಿನ ಕೋಣೆಯಲ್ಲಿ ಕೊಡಗಟ್ಟಲೆ ಸುರಿದೆ. ನನ್ನ ಗಂಡನ ಅಕ್ಕನ ಬದುಕಿಗೆ ಬಂದಿದ್ದ ಒಂದೇ ಒಂದು ಅವಕಾಶ ಅದರಲ್ಲಿ ಕೊಚ್ಚಿಕೊಂಡು ಹೋಯಿತು. ಎಂಬತ್ತು ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬರೆದರೆ ಹಗುರಾಗುತ್ತದೆ ಎಂಬ ಭ್ರಮೆಯೇನೂ ನನಗಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಾಗಪುರ ಆಗಿನ್ನೂ ಹಳೆಯ ಮಧ್ಯಪ್ರದೇಶದ ರಾಜಧಾನಿ. ನಮ್ಮವರು ಧಾರವಾಡದಿಂದ ಅಲ್ಲಿಗೆ ಹೋಗಿ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಾಡಿನ ಹಳ್ಳಿಗಳ ಕೈಕಸುಬು ನೋಡಿಕೊಳ್ಳುವ ಸಣ್ಣ ಕಚೇರಿ ಅದು. ಮಾಘದಲ್ಲಿ ನಮ್ಮ ಮದುವೆಯಾಯಿತು. ಧರಮಪೇಠದಲ್ಲಿ ಒಂದು ಹಳೆಯ ಮನೆಯ ಕೆಳಗಿನ ಭಾಗ ಬಾಡಿಗೆಗೆ ಹಿಡಿದರು. ಬೀದಿಯ ಕಡೆ ಒಂದು ಪಡಸಾಲೆ, ನಡುವೆ ಅಡಿಗೆಮನೆ, ಹಿಂದೆ ಒಂದು ಕೋಣೆ. ಸಂಸಾರ ಹೂಡಿಕೊಡಲಿಕ್ಕೆಂದು ನಮ್ಮ ಜೊತೆ ಗಂಗಕ್ಕ ಬಂದಳು.

ಗಂಗಕ್ಕ ನಮ್ಮವರ ದೊಡ್ಡ ಅಕ್ಕ. ಅವಳಿಗೆ ಹದಿಮೂರಾದಾಗ ಗಂಡ ಸತ್ತಿದ್ದ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ನಾನು ಕಂಡಾಗ ಅವಳಿಗೆ ಮೂವತ್ತನಾಲ್ಕೋ ಮೂವತ್ತೈದೋ ಇರಬೇಕು. ತಮ್ಮನಿಗಿಂತ ಎತ್ತರ, ನೆಟ್ಟಗಿನ ಬೆನ್ನು, ಮಾತು ಕಡಿಮೆ, ಆದರೆ ಆಡಿದರೆ ನಗು ಬರುವಂಥ ಮಾತು. ಮೂರು ಜನ ತಮ್ಮಂದಿರು. ಅವಳ ಇಪ್ಪತ್ತು ವರ್ಷ ಅವರ ಮನೆಗಳಲ್ಲಿ ಸರದಿಯ ಮೇಲೆ ಕಳೆದಿತ್ತು. ಎಲ್ಲಿ ಬಾಣಂತನವಿದ್ದರೆ ಅಲ್ಲಿ, ಎಲ್ಲಿ ಉಪ್ಪಿನಕಾಯಿ ಹಾಕುವುದಿದ್ದರೆ ಅಲ್ಲಿ. ಅವಳದೊಂದು ತಗಡಿನ ಟ್ರಂಕು. ನಮ್ಮ ಮನೆಯಲ್ಲಿ ಕಪಾಟು ಖಾಲಿ ಇದ್ದರೂ ಅವಳು ಟ್ರಂಕಿನಿಂದ ಬಟ್ಟೆ ತೆಗೆದಿಡಲಿಲ್ಲ. "ಇರಲಿ ಬಿಡು ಸುಧಾ, ಮತ್ತ ತುಂಬೂದು ತಪ್ಪತದ," ಎಂದಳು. ನಾನು ನಕ್ಕೆ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದು ಆಗ ತಿಳಿಯಲಿಲ್ಲ.

ಚೈತ್ರದ ಮೊದಲಲ್ಲಿ ಒಂದು ದಿನ ಊಟಕ್ಕೆ ಕೂತಾಗ ನಮ್ಮವರು ಕಚೇರಿಯ ಸುದ್ದಿ ತೆಗೆದರು. ಭಂಡಾರ ಊರಿನ ಆಚೆಯ ಕಾಡುಗಳಲ್ಲಿ ಐನ್ ಎಂಬ ಮರವಿದೆ, ನಮ್ಮ ಕಡೆಯ ಮತ್ತಿ ಮರವೇ ಅದು. ಆ ಮರದ ಎಲೆ ತಿಂದು ಬೆಳೆಯುವ ಒಂದು ಕಾಡುಹುಳ ಗಟ್ಟಿಯಾದ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನ ನೂಲೇ ಟಸರ್ ರೇಷ್ಮೆ, ಅಲ್ಲಿಯವರ ಮಾತಿನಲ್ಲಿ ಕೋಸಾ. ಚಳಿಗಾಲದಲ್ಲಿ ಕಟ್ಟಿದ ಗೂಡುಗಳಲ್ಲಿ ಒಳ್ಳೆಯವನ್ನು ಆರಿಸಿ ಬೀಜಕ್ಕೆಂದು ಇಡುತ್ತಾರೆ. ಒಳಗಿನ ಜೀವ ಬೇಸಿಗೆ ಪೂರ್ತಿ ಮಲಗಿದ್ದು, ಮಳೆ ಬಂದಾಗ ಪತಂಗವಾಗಿ ಹೊರಗೆ ಬರಬೇಕು. ಹೋದ ವರ್ಷ ಕಚೇರಿಯ ತಗಡಿನ ಮಾಡಿನ ಕೆಳಗೆ ಇಟ್ಟ ಗೂಡುಗಳೆಲ್ಲ ಬಿಸಿಲಿಗೆ ಒಣಗಿಹೋಗಿದ್ದವು. ಈ ಸಲ ಸಾಹೇಬರು ಮಣ್ಣಿನ ಗೋಡೆಯ ಒಂದು ಕೋಣೆ, ನೋಡಿಕೊಳ್ಳುವ ಒಬ್ಬ ನಂಬಿಗಸ್ತ ಮನುಷ್ಯ ಎರಡನ್ನೂ ಹುಡುಕುತ್ತಿದ್ದರು.

"ನಮ್ಮ ಹಿಂದಿನ ಖೋಲಿ ಮಣ್ಣಿನದ ಅದ," ಎಂದು ನಮ್ಮವರು ಚೇಷ್ಟೆಗೆ ಎಂದರು.

ಸಾರು ಬಡಿಸುತ್ತಿದ್ದ ಗಂಗಕ್ಕ ಸೌಟು ಹಾಗೆಯೇ ಹಿಡಿದು ನಿಂತಳು. "ಇಲ್ಲೇ ತಂದು ಇಡು ರಾಘು. ನಾ ನೋಡ್ಕೋತೀನಿ," ಎಂದಳು.

ನಾಲ್ಕು ದಿನಕ್ಕೆ ಎತ್ತಿನ ಗಾಡಿಯಲ್ಲಿ ಗೂಡುಗಳು ಬಂದವು. ತಂದವನು ಸೋನಬಾ, ಆ ಕಾಡಿನ ಕಡೆಯ ಮುದುಕ, ಚಿಕ್ಕಂದಿನಿಂದ ಇದೇ ಕೆಲಸ ಮಾಡಿದವನು. ಒಂದೊಂದು ಗೂಡೂ ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕದು. ಬೂದುಬಣ್ಣ, ಉಗುರಿನಿಂದ ತಟ್ಟಿದರೆ ಟಕ್ಕೆನ್ನುವಷ್ಟು ಗಟ್ಟಿ. ಪ್ರತಿಯೊಂದಕ್ಕೂ ಒಂದು ತೊಟ್ಟು, ಆ ತೊಟ್ಟಿನ ತುದಿಗೆ ಕೊಂಬೆಯನ್ನು ಸುತ್ತಿ ಹಿಡಿದಿದ್ದ ಒಂದು ಬಳೆ. ಹುಳ ತನ್ನ ಗೂಡು ಗಾಳಿಗೆ ಬೀಳದಿರಲಿ ಎಂದು ಮೊದಲು ಆ ಬಳೆ ಕಟ್ಟಿಕೊಳ್ಳುತ್ತದಂತೆ. ಗೂಡುಗಳನ್ನೆಲ್ಲ ದಾರದಲ್ಲಿ ಮಾಲೆ ಕಟ್ಟಿ ತಂದಿದ್ದರು.

ಸೋನಬಾ ಇಳಿಸುವ ಮೊದಲೇ ಕೇಳಿದ, ನೋಡಿಕೊಳ್ಳುವವರು ಯಾರು ಎಂದು. ಅವನದು ಕಾಡಿನ ಕಡೆಯ ಮರಾಠಿ, ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ನಮ್ಮವರು ಹೇಳುತ್ತಿದ್ದರು. ನಮ್ಮವರು ಮುಜುಗರದಿಂದ, "ನಮ್ಮ ಅಕ್ಕ. ಆದರೆ ಆಕೆ ವಿಧವೆ," ಎಂದರು. ಅಪಶಕುನವೆಂದು ಮುದುಕ ಗಾಡಿ ತಿರುಗಿಸಿಯಾನೆಂದು ಅವರ ಭಯ. ಗಂಗಕ್ಕ ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದಳು. ಸೋನಬಾ ಒಂದೊಂದಾಗಿ ಕೇಳಿದ. ಮಾಂಸ ಮೀನು ಮುಟ್ಟುತ್ತಾಳೆಯೇ? ಇಲ್ಲ. ದಿನಕ್ಕೆ ಎಷ್ಟು ಊಟ? ಒಂದೇ. ಮಲಗುವುದು ಮಂಚದ ಮೇಲೋ ನೆಲದ ಮೇಲೋ? ನೆಲದ ಮೇಲೆ. ಬೆಳಗ್ಗೆ ಸ್ನಾನವಾಗದೆ ಏನಾದರೂ ಮುಟ್ಟುತ್ತಾಳೆಯೇ? ಇಲ್ಲ. ಮುದುಕ ರುಮಾಲು ತೆಗೆದು ಬಾಗಿಲ ಕಡೆ ಕೈ ಮುಗಿದ.

"ಹುಳ ಮರದ ಮ್ಯಾಗ ಇರೂತನಕ ನಾವೂ ಹಿಂಗ ಇರತೀವಿ ಸಾಹೇಬ. ಹೆಂಡತಿಯ ಹತ್ತಿರ ಹೋಗೂದಿಲ್ಲ, ಎಣ್ಣಿ ಹಚ್ಚೂದಿಲ್ಲ, ಒಂದು ಹೊತ್ತು ಉಣತೀವಿ. ಎರಡು ತಿಂಗಳಿಗೇ ನಮಗ ಸಾಕು ಸಾಕಾಗತದ. ಈ ಹೆಣ್ಮಗಳು ವರ್ಷಾನುಗಟ್ಟಲೆ ಹಿಂಗ ಅದಾಳ. ಇವಳ ಕೈಯಾಗ ಬೀಜ ಕೆಡೂದಿಲ್ಲ." ಅವನ ಮಾತನ್ನು ನಮ್ಮವರು ಆಮೇಲೆ ನನಗೆ ಹೇಳಿದ್ದು ಹೀಗೆ.

ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಎದುರು ಬರಬಾರದೆಂದು ಇಪ್ಪತ್ತು ವರ್ಷ ಒಳಗೆ ಸರಿದು ನಿಂತವಳು ಗಂಗಕ್ಕ. ಅವಳ ಕೈಯಲ್ಲಿ ಏನೋ ಕೆಡುವುದಿಲ್ಲವೆಂದು ಒಬ್ಬ ಗಂಡಸು ಕೈ ಮುಗಿದಿದ್ದ. ಅವಳು ಬೀಸುವ ಕಲ್ಲಿನ ಹತ್ತಿರ ಹೋಗಿ ಕೂತಳು, ಬೀಸಲು ಕಾಳೇನೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಮಾಲೆಗಳನ್ನು ಎಲ್ಲೆಲ್ಲಿ ತೂಗುಹಾಕಬೇಕೆಂದು ಕೇಳಿಕೊಂಡು ಬಂದಳು.

ಸಾಹೇಬರು ಒಂದು ಮಾತು ಕೊಟ್ಟರು. ಮಳೆಗಾಲದ ನಂತರ ಕಾಡಿನ ಅಂಚಿನ ಒಂದು ಊರಿನಲ್ಲಿ ಬೀಜದ ಗೂಡುಗಳಿಗಾಗಿಯೇ ಒಂದು ಮನೆ ಕಟ್ಟುತ್ತಾರೆ. ನೋಡಿಕೊಳ್ಳುವ ಹೆಂಗಸಿಗೆ ಅಲ್ಲಿಯೇ ಒಂದು ಕೋಣೆ, ಒಂದು ಅಡಿಗೆಮನೆ. ಈ ಬೇಸಿಗೆ ಸುಸೂತ್ರ ಕಳೆದರೆ ಆ ಜಾಗ ಗಂಗಕ್ಕನಿಗೆ. ತಮ್ಮನಾಗಿ ನಮ್ಮವರು ಒಪ್ಪಿದರು. ಗಂಗಕ್ಕನ ಮನಸ್ಸನ್ನು ಬೇರೆ ಕೇಳಬೇಕಿತ್ತೇ?

ಆಮೇಲಿನ ಒಂದು ತಿಂಗಳು ನಾನು ಗಂಗಕ್ಕನನ್ನು ಖುಷಿಯಲ್ಲಿ ಕಂಡ ಒಂದೇ ತಿಂಗಳು. ಬೆಳಗ್ಗೆ ಸ್ನಾನ ಮಾಡಿ ಒದ್ದೆ ಸೀರೆ ಬದಲಿಸಿ ಆ ಕೋಣೆಗೆ ಹೋಗುವಳು. ತಂತಿಗಳಿಂದ ತೂಗುತ್ತಿದ್ದ ಮಾಲೆಗಳ ನಡುವೆ ಓಡಾಡಿ, ಇರುವೆ ಹತ್ತಿವೆಯೇ, ಹಲ್ಲಿ ಇದೆಯೇ ನೋಡುವಳು. ಅನುಮಾನ ಬಂದ ಗೂಡನ್ನು ಕಿವಿಯ ಹತ್ತಿರ ಮೆಲ್ಲಗೆ ಅಲುಗಿಸುವಳು. ಒಳಗಿನ ಜೀವ ಸತ್ತಿದ್ದರೆ ಒಣ ಬೀಜದ ಹಾಗೆ ಗಿಲಗಿಲ ಅನ್ನುತ್ತದೆ, ಬದುಕಿದ್ದರೆ ತೂಕ ಗೊತ್ತಾಗುತ್ತದೆ. ನನ್ನ ಅಂಗೈಯಲ್ಲೂ ಒಂದು ಇಟ್ಟು ತೋರಿಸಿದಳು. ಉಣ್ಣದೆ ಕುಡಿಯದೆ ಆರು ತಿಂಗಳು ಹೀಗೆ ಇರುತ್ತದೆಯೇ ಎಂದು ನಾನು ಕೇಳಿದರೆ, "ಹೊರಗ ಬಂದ ಮ್ಯಾಲೂ ಉಣ್ಣೂದಿಲ್ಲಂತ. ಪತಂಗಕ್ಕ ಬಾಯಿನ ಇಲ್ಲಂತ ನೋಡು. ಹುಳ ಇದ್ದಾಗ ಉಂಡಿದ್ದರ ಮ್ಯಾಲೆ ಎಂಟು ದಿನಾ ಜೀವಾ ಹಿಡಕೊಂಡು, ತತ್ತಿ ಇಟ್ಟು ಹೋಗತದ," ಎಂದಳು. ಸೋನಬಾ ಹೇಳಿದ್ದನ್ನೆಲ್ಲ ಅವಳು ಒಂದೇ ಸಲಕ್ಕೆ ಬಾಯಿಪಾಠ ಮಾಡಿಕೊಂಡಿದ್ದಳು.

ಅಲ್ಲಿಯೇ ಕೂತು ಬರಲಿರುವ ಮನೆಯ ಮಾತು ಆಡುವಳು. ಆಸೆ ದೊಡ್ಡದೇನಲ್ಲ. "ಕೀಲಿ ನನ್ನ ಟೊಂಕಕ್ಕ ಇರತದ ಸುಧಾ. ಮನಸ್ಸಾದ್ರ ಒಲಿ ಹಚ್ಚತೀನಿ. ಇಲ್ಲಂದ್ರ ಅವಲಕ್ಕಿ ಮೊಸರು ಕಲಸಿ ತಿಂದು ಮಲಗತೀನಿ. ಯಾಕ ಹಚ್ಚಲಿಲ್ಲ ಅಂತ ಕೇಳಾವರ ಇರಾಂಗಿಲ್ಲ." ಬೇಸಿಗೆಯ ರಜೆಗೆ ನೀನು ಬಾ, ನನ್ನ ಕೈಯ ಮಾವಿನ ಸೀಕರಣೆ ತಿನ್ನು ಎಂದು ನನ್ನನ್ನೂ ಕರೆದಳು. ಹಾಗೆ ಕರೆಯಲು ಅವಳಿಗೆ ಅಲ್ಲಿಯವರೆಗೆ ಮನೆಯೇ ಇರಲಿಲ್ಲವಲ್ಲ.

ಏಪ್ರಿಲ್ ನಡುವಿನಲ್ಲಿ ಧಾರವಾಡದಿಂದ ಗಂಗಕ್ಕನ ನಡುವಿನ ತಮ್ಮ ಶೀನಪ್ಪನ ಪತ್ರ ಬಂತು. ಮಗನ ಮುಂಜಿವೆ. ನೂರು ಎಲೆಯ ಊಟ, ಮುಂದೆ ನಾಲ್ಕು ದಿನ ಬೀಗರು ನೆಂಟರು, ಗಂಗಕ್ಕ ಇಲ್ಲದೆ ಮಡಿ ಅಡಿಗೆ ಹೇಗೆ ನಡೆಯುತ್ತದೆ, ಕೂಡಲೇ ಕಳಿಸು. ಮುಂಜಿವೆಯ ಮಂಟಪಕ್ಕೆ ಅವಳು ಬರುವ ಹಾಗಿರಲಿಲ್ಲ, ಹಿಂದಿನ ಅಡಿಗೆ ಚಪ್ಪರಕ್ಕೆ ಮಾತ್ರ ಬೇಕು. "ನಾ ಹ್ಯಾಂಗ ಹೋಗಲೋ ರಾಘು, ಇವನ್ನ ಬಿಟ್ಟು?" ಎಂದು ಎರಡು ದಿನ ಕೇಳಿದಳು. ಶೀನಪ್ಪ ಏನಂದುಕೊಂಡಾರು, ಮಳೆಗೆ ಇನ್ನೂ ಎರಡು ತಿಂಗಳಿದೆ, ಸುಧಾ ಇದ್ದಾಳಲ್ಲ ಎಂದು ನಮ್ಮವರು ಒಪ್ಪಿಸಿದರು. ಟ್ರಂಕು ತುಂಬಿಯೇ ಇತ್ತು.

ಹೊರಡುವ ಮುಂಚೆ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋಗಿ ಹೇಳಿದಳು, "ನೀ ಏನೂ ಮಾಡಬ್ಯಾಡ. ಇರುವಿ ಬಂದಾವೇನು ನೋಡು, ಬಾಗಲಾ ಹಾಕು, ಅಷ್ಟ. ಅವು ಇದ್ದಾಂಗ ಇರಲಿ. ಏನೂ ಮಾಡದ ಇರೂದ ಇದರ ಕೆಲಸ." ನಾನು ತಲೆಯಾಡಿಸಿದೆ.

ಏನೂ ಮಾಡದೆ ಇರುವುದು ನನಗೆ ಬರುತ್ತಿರಲಿಲ್ಲ. ನಾಗಪುರದ ಬಿಸಿಲು ಎಂಥದೆಂದು ಧಾರವಾಡದ ಹುಡುಗಿಗೆ ಏನು ಗೊತ್ತು? ಹತ್ತು ಗಂಟೆಗೆ ಬೀದಿ ಖಾಲಿಯಾಗುತ್ತಿತ್ತು. ಮಧ್ಯಾಹ್ನದ ಬಿಸಿಗಾಳಿಗೆ ಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಊರಿನ ಎಲ್ಲ ಮನೆಗಳಂತೆ ನಮ್ಮವರೂ ಸೀತಾಬರ್ಡಿ ಪೇಟೆಯಿಂದ ಲಾವಂಚದ ಬೇರು ಹೆಣೆದ ಒಂದು ತಟ್ಟಿ ತಂದು ಪಡಸಾಲೆಯ ಕಿಟಕಿಗೆ ಕಟ್ಟಿದರು. ಅದಕ್ಕೆ ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿ ಅಮೃತ. ಆದರೆ ಪಡಸಾಲೆ ಬೀದಿಗೆ ಮುಖ ಮಾಡಿತ್ತು, ಒಬ್ಬಳೇ ಅಲ್ಲಿ ಮಲಗಲು ನನಗೆ ಸಂಕೋಚ. ಒಂದು ಮಧ್ಯಾಹ್ನ ಹಿಂದಿನ ಕೋಣೆಗೆ ಹೋದೆ. ಒಳಗೆ ಉಸಿರು ಕಟ್ಟುವಂತಿತ್ತು. ಗೂಡುಗಳನ್ನು ನೋಡಿ ಅಯ್ಯೋ ಪಾಪ ಅನ್ನಿಸಿತು. ಮನುಷ್ಯರಿಗೆ ತಟ್ಟಿ ಬೇಕು, ಇವಕ್ಕೆ ಬೇಡವೇ?

ತಟ್ಟಿ ಬಿಚ್ಚಿ ಆ ಕಿಟಕಿಗೆ ತೂಗುಹಾಕಿದೆ. ನಮ್ಮವರು ಕಚೇರಿಗೆ ಹೋದ ಮೇಲೆ ಅಲ್ಲಿ, ಸಂಜೆ ಅವರು ಬರುವ ಮೊದಲು, ಅವರಿಗೂ ತಂಪಿರಲೆಂದು, ಮತ್ತೆ ಪಡಸಾಲೆಯಲ್ಲಿ. ಗಂಟೆಗೊಮ್ಮೆ ಚೊಂಬಿನಿಂದ ನೀರು. ನೆಲಕ್ಕೂ ಒಂದಷ್ಟು. ಚಾಪೆ ಹಾಸಿ ಗೂಡುಗಳ ಕೆಳಗೆ ಮಲಗುತ್ತಿದ್ದೆ. ಅವುಗಳಿಗಾಗಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅರ್ಧ ನನ್ನ ನಿದ್ದೆಗಾಗಿ ಮಾಡಿದ್ದು. ಗಂಗಕ್ಕ ಬಂದು ನೋಡಿ, ಎಷ್ಟು ಜೋಪಾನ ಮಾಡಿದ್ದೀ ಎಂದು ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಒಂದು ದಿನವೂ ತಪ್ಪಿಸದೆ ಮೂರು ವಾರ ನೀರು ಹೊಡೆದೆ.

ಮೇ ಎರಡನೆಯ ವಾರ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಗೂಡಿನ ತುದಿ ಒದ್ದೆಯಾದದ್ದು ಕಂಡಿತು. ನನ್ನ ನೀರೇ ಸಿಡಿದಿದೆ ಎಂದುಕೊಂಡೆ. ನೋಡುತ್ತಿದ್ದಂತೆ ಆ ಒದ್ದೆ ಜಾಗ ಮೆತ್ತಗಾಗಿ, ಎಳೆಗಳು ಸರಿದು, ಒಂದು ಕಂದು ತಲೆ ಹೊರಗೆ ಬಂತು. ಆಮೇಲೆ ಕಾಲು, ಆಮೇಲೆ ದಪ್ಪ ಹೊಟ್ಟೆ, ಹಿಂಡಿದ ಬಟ್ಟೆಯಂಥ ರೆಕ್ಕೆಗಳು. ಅದು ತನ್ನ ಗೂಡಿಗೇ ಜೋತುಬಿದ್ದು ಅರ್ಧ ಗಂಟೆ ಅಲುಗದೆ ಇತ್ತು. ರೆಕ್ಕೆ ಬಿಚ್ಚಿಕೊಂಡಾಗ ನನ್ನ ಎರಡು ಅಂಗೈ ಜೋಡಿಸಿದಷ್ಟು ಅಗಲ. ಮಾಸಲು ಹಳದಿ ಬಣ್ಣ, ಒಂದೊಂದು ರೆಕ್ಕೆಯಲ್ಲೂ ಒಂದೊಂದು ದುಂಡನೆಯ ಗಾಜಿನಂಥ ಕಣ್ಣು, ಅದರೊಳಗಿಂದ ಆ ಕಡೆಯ ಗೋಡೆ ಕಾಣುತ್ತಿತ್ತು. ನನಗೆ ಸಂತೋಷದಿಂದ ಅಳು ಬಂತು. "ರೀ, ಬರ್ರಿ ಇಲ್ಲೆ! ಬಂದ್ವು!" ಎಂದು ಕೂಗಿದೆ. ನಮ್ಮವರೂ ಬಂದು ಬೆರಗಾಗಿ ನಿಂತರು. ಅವರು ಕಾಗದಪತ್ರದ ಗುಮಾಸ್ತರು, ಮಳೆಗೆ ಮುಂಚೆ ಬಂದರೆ ಕೇಡೆಂದು ಅವರಿಗೂ ಹೊಳೆಯಲಿಲ್ಲ. "ಅಕ್ಕ ನಾಡದು ಬರ್ತಾಳ, ನೋಡಿ ಕುಣೀತಾಳ," ಎಂದರು. ಎರಡು ದಿನದಲ್ಲಿ ಕೋಣೆಯ ಗೋಡೆ ತುಂಬ ಪತಂಗಗಳು.

ಗಂಗಕ್ಕ ಟಾಂಗಾದಿಂದ ಇಳಿದು ಕಾಲು ತೊಳೆದವಳೇ ಕೋಣೆಯ ಬಾಗಿಲಿಗೆ ಬಂದಳು. ನಾನು ಹಿಂದೆಯೇ ನಗುತ್ತ ನಿಂತಿದ್ದೆ. ಅವಳು ಹೊಸ್ತಿಲು ದಾಟಲಿಲ್ಲ.

"ಮಳಿ ಆತೇನು ಇಲ್ಲೆ?" ಎಂದಳು.

"ಇಲ್ರಿ ಅಕ್ಕಾ. ಒಂದು ಹನಿ ಇಲ್ಲ."

ಒಳಗೆ ಹೋಗಿ ನೆಲ ಮುಟ್ಟಿದಳು. ಕಿಟಕಿಯ ಚೌಕಟ್ಟು ಮುಟ್ಟಿದಳು. ಅಲ್ಲಿ ಅಂಟಿದ್ದ ಬೇರಿನ ಎರಡು ಎಳೆ ಕಿತ್ತು ಕಿಟಕಿಯ ಹೊರಗೆ ಹಾಕಿದಳು. ನನ್ನನ್ನು ಏನೂ ಕೇಳಲಿಲ್ಲ. ಬುಟ್ಟಿ ತಾ, ಮಣ್ಣಿನ ಮಡಕೆ ತಾ ಎಂದು ಕೆಲಸ ಶುರುಮಾಡಿದಳು. ಗಂಡು ಹೆಣ್ಣು ಕೂಡಿದ್ದವನ್ನು ಬೇರೆ ಇಟ್ಟಳು, ತತ್ತಿ ಇಡುವ ಹೆಣ್ಣುಗಳಿಗೆ ಮಡಕೆಯಲ್ಲಿ ಜಾಗ ಮಾಡಿದಳು. ಅವಳ ಮುಖ ಬಿಗಿದುಕೊಂಡಿತ್ತು. ಪ್ರಯಾಣದ ಆಯಾಸ ಎಂದುಕೊಂಡೆ.

ನನಗೆ ಸತ್ಯ ತಿಳಿದದ್ದು ಭಾನುವಾರ ಬೆಳಗ್ಗೆ. ಸುದ್ದಿ ತಿಳಿದು ಸಾಹೇಬರು ಸೋನಬಾನನ್ನು ಕರೆದುಕೊಂಡು ಬಂದರು. ಸೋನಬಾ ಕೋಣೆಯಲ್ಲಿ ಸುತ್ತಾಡಿ, ತೂತಾದ ಒಂದು ಗೂಡು ತೆಗೆದು ಮೂಸಿ ನೋಡಿ, ಪಡಸಾಲೆಗೆ ಬಂದು ನೆಲದ ಮೇಲೆ ಕುಸಿದು ಕೂತ. ಅವನ ಮಾತು ಈ ಸಲ ನನಗೆ ಪೂರ್ತಿ ತಿಳಿಯಿತು. "ಇವಕ್ಕೆ ಮಳೆ ತೋರಿಸಿದವರು ಯಾರು?" ಎಂದ.

ತಣ್ಣಗಿನ ಹಸಿ ಗಾಳಿ ತಾಗಿದರೆ ಮಳೆ ಬಂತೆಂದು ತಿಳಿದು ಪತಂಗ ಏಳುತ್ತದೆ. ಮಳೆಗೆ ಇನ್ನೂ ತಿಂಗಳಿದೆ. ತತ್ತಿ ಒಡೆದು ಬರುವ ಮರಿಹುಳ ಈ ಬಿಸಿಲಲ್ಲಿ ಮರದ ಮೇಲೆ ಒಂದು ದಿನವೂ ನಿಲ್ಲುವುದಿಲ್ಲ. ಬೀಜ ಹೋಯಿತು. ಇಷ್ಟನ್ನೂ ಅವನು ಸಾಹೇಬರಿಗೆ ವಿವರಿಸಿ ಹೇಳಿದ. ಆಮೇಲೆ ನಮ್ಮೆಲ್ಲರ ಮುಖ ನೋಡಿ ಮತ್ತೆ ಕೇಳಿದ, "ಮನೆಯಲ್ಲಿ ಯಾರಾದರೂ ನೀರು ಹೊಡೆದಿರಾ? ಹೇಳಿಬಿಡಿ, ನಾನು ಬೈಯುವುದಿಲ್ಲ. ಈ ಹೆಣ್ಣುಮಗಳು ಹೀಗೆ ಮಾಡುವವಳಲ್ಲ."

ಗಂಗಕ್ಕ ಅಡಿಗೆಮನೆಯ ಬಾಗಿಲಲ್ಲಿದ್ದಳು. ನಾನು ಅವಳ ಪಕ್ಕದಲ್ಲೇ, ಚಹಾದ ಬಟ್ಟಲುಗಳ ತಟ್ಟೆ ಹಿಡಿದು ನಿಂತಿದ್ದೆ. ನಮ್ಮವರಿಗೆ ಸಾಹೇಬರೆಂದರೆ ದೇವರು. ಅವರ ಮುಂದೆ ಹೆಂಡತಿ ಸರಕಾರದ ಬೀಜ ಹಾಳುಮಾಡಿದಳು ಎಂದು ತಿಳಿದರೆ? ನಾನು ಆ ಮನೆಗೆ ಬಂದು ಮೂರೇ ತಿಂಗಳು. ಈಗ ಬೇಡ, ಸಂಜೆ ಇವರೊಬ್ಬರಿಗೇ ಹೇಳುತ್ತೇನೆ ಎಂದುಕೊಂಡೆ. ಪಡಸಾಲೆಯ ಕಿಟಕಿಯಲ್ಲಿ ತಟ್ಟಿ ಅಮಾಯಕವಾಗಿ ತೂಗುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

"ಅಕ್ಕ ಒಂದು ತಿಂಗಳು ಊರಿಗೆ ಹೋಗಿದ್ದಳು, ಸರ್," ಎಂದರು ನಮ್ಮವರು. ಇದ್ದದ್ದನ್ನೇ ಹೇಳಿದರು, ಅವರಿಗೆ ಬೇರೇನೂ ಗೊತ್ತಿರಲಿಲ್ಲ.

ಸಾಹೇಬರ ಹುಬ್ಬು ಗಂಟಿಕ್ಕಿತು. ಒಪ್ಪಿಕೊಂಡ ಕೆಲಸವನ್ನು ಮನೆಯ ಸಮಾರಂಭಕ್ಕಾಗಿ ಬಿಟ್ಟು ಹೋಗುವವರ ಕೈಗೆ ಬೀಜದ ಮನೆ ಕೊಡುವುದು ಹೇಗೆ ಎಂದರು. ಸೋನಬಾ ಏನೋ ವಾದ ಮಾಡಿದ. ಕೊನೆಗೆ ಸಾಹೇಬರು ಏಳುವಾಗ, "ನೋಡೋಣ. ಈ ತತ್ತಿಗಳಿಂದ ನೂರಾದರೂ ಗೂಡು ಕಟ್ಟಿಸಿ ತೋರಿಸಲಿ, ಆಗ ಮಾತಾಡೋಣ," ಎಂದರು. ಕರುಣೆಯಿಂದ ಹೇಳಿದರೋ, ಮಾತು ಮುಗಿಸಲು ಹೇಳಿದರೋ, ಗಂಗಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನಾನೂ ಹಿಡಿದುಕೊಂಡೆ. ಹುಳಗಳು ಗೂಡು ಕಟ್ಟಿದರೆ ನಾನು ಯಾರಿಗೂ ಏನೂ ಹೇಳುವ ಪ್ರಸಂಗವೇ ಬರುವುದಿಲ್ಲವಲ್ಲ. ಅವತ್ತಿನ ಸಂಜೆ ಹಾಗೆ ಕಳೆಯಿತು, ಮರುದಿನವೂ ಕಳೆಯಿತು.

ಪತಂಗಗಳು ಎಂಟು ದಿನದಲ್ಲಿ ಒಂದೊಂದಾಗಿ ಗೋಡೆಯಿಂದ ಉದುರಿದವು. ರೆಕ್ಕೆ ಹರಿದು, ಹೊಟ್ಟೆ ಬತ್ತಿ, ಗುಡಿಸಿದರೆ ಸದ್ದೇ ಆಗದಷ್ಟು ಹಗುರ. ಹತ್ತನೆಯ ದಿನ ತತ್ತಿಗಳು ಒಡೆದವು. ಅಕ್ಕಿಯ ನುಚ್ಚಿಗಿಂತ ಸ್ವಲ್ಪ ಉದ್ದದ ಕಂದು ಹುಳಗಳು, ಹೊರಗೆ ಬಂದದ್ದೇ ತಮ್ಮ ತತ್ತಿಯ ಸಿಪ್ಪೆಯನ್ನೇ ಕಚ್ಚಿ ತಿಂದವು. ಆಮೇಲೆ ಎಲೆ ಬೇಕು. ಅಂಬಾಝರಿ ಕೆರೆಯ ಹತ್ತಿರ ಹೊಳೆಮತ್ತಿಯ ಕೆಲವು ಮರಗಳಿದ್ದವು, ಅದರ ಎಲೆಯೂ ಆಗುತ್ತದೆಂದು ಸೋನಬಾ ಹೇಳಿಹೋಗಿದ್ದ. ದಿನಾ ಬೆಳಕು ಹರಿಯುವ ಮೊದಲು ನಾವಿಬ್ಬರೂ ಅಲ್ಲಿಗೆ ನಡೆದು ಹೋಗಿ ಚಿಗುರು ಟೊಂಗೆ ಮುರಿದು ತರುತ್ತಿದ್ದೆವು. ಬೋಳು ತಲೆಯ ಮೇಲೆ ಸೆರಗು ಹೊದ್ದು, ಅದರ ಮೇಲೆ ಹಸಿರು ಹೊರೆ ಹೊತ್ತು ಬರುವ ಗಂಗಕ್ಕನನ್ನು ಹಾಲಿನವರು ನಿಂತು ನೋಡುತ್ತಿದ್ದರು. ಟೊಂಗೆಗಳನ್ನು ನೀರು ತುಂಬಿದ ಮಡಕೆಗಳಲ್ಲಿ ನಿಲ್ಲಿಸಿ ಹುಳಗಳನ್ನು ಬಿಡುತ್ತಿದ್ದೆವು. ತಟ್ಟಿಯನ್ನು ಈಗ ಎಲ್ಲರಿಗೂ ಕಾಣುವಂತೆ ಆ ಕೋಣೆಗೇ ಕಟ್ಟಿದೆವು. ಈಗ ಅದರ ಅಗತ್ಯ ನಿಜವಾಗಿ ಇತ್ತು.

ನಾನು ಅಷ್ಟು ಮೈಮುರಿದು ಮತ್ತೆಂದೂ ದುಡಿದಿಲ್ಲ. ಗಂಗಕ್ಕ ಬೇಡವೆಂದರೂ ನಾನೂ ಒಂದೇ ಹೊತ್ತು ಉಂಡೆ, ನೆಲದ ಮೇಲೆ ಮಲಗಿದೆ. ಹುಳಗಳು ಒಂದು ಪೊರೆ ಬಿಟ್ಟವು, ಹಸಿರಾದವು. ಎರಡನೆಯ ಪೊರೆ ಬಿಟ್ಟಾಗ ಅವುಗಳ ಪಕ್ಕೆಯಲ್ಲಿ ಬೆಳ್ಳಿಯ ಚುಕ್ಕೆ ಮಿನುಗಿದವು. ಗಂಗಕ್ಕ ಮತ್ತೆ ಮಾತಾಡತೊಡಗಿದಳು. "ಇನ್ನೆರಡು ಪೊರಿ ಬಿಡಬೇಕು, ಆಮ್ಯಾಲೆ ಕಟ್ಟತಾವ," ಎಂದು ನನ್ನ ಬೆನ್ನು ತಟ್ಟಿದಳು. ಆ ಕ್ಷಣ ಹೇಳಿಬಿಡಬೇಕಿತ್ತು. ಅವಳ ನಗು ಕೆಡಿಸಲು ಮನಸ್ಸಾಗಲಿಲ್ಲ ಎಂದು ನೆಪ ಮಾಡಿಕೊಂಡೆ.

ಜೂನ್ ಮೊದಲ ವಾರ ಬಿಸಿಗಾಳಿ ಏರಿತು. ಕಿತ್ತ ಎಲೆ ಒಂದು ಗಂಟೆಯಲ್ಲಿ ಹಪ್ಪಳ. ಹುಳಗಳು ತಿನ್ನುವುದು ಬಿಟ್ಟವು. ಹಿಂದಿನ ಕಾಲುಗಳಿಂದ ಕಡ್ಡಿ ಹಿಡಿದು ತಲೆ ಕೆಳಗಾಗಿ ಜೋತುಬಿದ್ದು, ಕಪ್ಪಾಗಿ, ಒಳಗಿನ ನೀರು ಸೋರಿ ಸತ್ತವು. ಮೊದಲ ದಿನ ಹತ್ತು, ಮರುದಿನ ಲೆಕ್ಕ ಬಿಟ್ಟೆವು. ಗಂಗಕ್ಕ ಒಂದೊಂದನ್ನೂ ಕೈಯಿಂದಲೇ ಬಿಡಿಸಿ ಮೊರದಲ್ಲಿ ಹಾಕಿ ಹಿತ್ತಲಲ್ಲಿ ಹೂಳುತ್ತಿದ್ದಳು. ನನಗೆ ಮುಟ್ಟಲು ಕೊಡಲಿಲ್ಲ. ಕೊನೆಯದು ಐದು ದಿನ ಒಂದೇ ಇತ್ತು. ಅದಕ್ಕಾಗಿ ಅವಳು ಅಷ್ಟು ದೂರ ನಡೆದು ಎಲೆ ತಂದಳು. ಅದು ಹೋದ ನಾಲ್ಕನೆಯ ದಿನಕ್ಕೆ ಮಳೆ ಬಂತು. ಊರಿನವರೆಲ್ಲ ಬೀದಿಗೆ ಬಂದು ತೊಯ್ಯುತ್ತಿದ್ದರು. ಗಂಗಕ್ಕ ಒಳಗೆ ಖಾಲಿ ತಂತಿಗಳನ್ನು ಬಿಚ್ಚಿ ಸುತ್ತಿಡುತ್ತಿದ್ದಳು.

ನಾಗಪುರದಿಂದ ಊರಿಗೆ ಹೋದ ನೆಂಟರ ಬಾಯಿಂದ ಸುದ್ದಿ ಧಾರವಾಡಕ್ಕೂ ಮುಟ್ಟಿತ್ತು. ಶೀನಪ್ಪ ಪತ್ರದಲ್ಲಿ ಬರೆದಿದ್ದರು, ಅವಳ ಕೈಗುಣ ಗೊತ್ತಿದ್ದೂ ಅವಳಿಗೆ ಇಂಥ ಕೆಲಸ ಯಾಕೆ ಒಪ್ಪಿಸಿದೆ, ಇಲ್ಲಿ ಬಾಣಂತನವಿದೆ, ಕಳಿಸಿಕೊಡು. ನಮ್ಮವರು ಗಟ್ಟಿಯಾಗಿ ಓದಿದರು. ಕೈಗುಣ ಎಂಬಲ್ಲಿ ಅವರ ದನಿ ಸಣ್ಣದಾಯಿತು, ಆದರೂ ಓದಿದರು. ನಾನು ಅಲ್ಲಿಯೇ ಇದ್ದೆ. ಅಕ್ಕಿ ಆರಿಸುತ್ತಲೇ ಇದ್ದೆ.

ಸ್ಟೇಶನ್ನಿನಲ್ಲಿ ಗಂಗಕ್ಕ ನನ್ನ ತಲೆ ಸವರಿ, ಹುಷಾರು ಎಂದಷ್ಟೇ ಹೇಳಿದಳು. ಬೀಜದ ಮನೆ ಮುಂದಿನ ವರ್ಷ ಆಯಿತು. ಭಂಡಾರದ ಯಾರೋ ಹೆಂಗಸನ್ನು ಅಲ್ಲಿ ಇಟ್ಟರಂತೆ.

ಪತ್ರ ಬರೆದು ಹೇಳೋಣವೆಂದು ಎಷ್ಟೋ ಸಲ ಕೂತೆ. ಗಂಗಕ್ಕನಿಗೆ ಓದು ಬರುತ್ತಿರಲಿಲ್ಲ. ನಾನು ಬರೆದದ್ದನ್ನು ಶೀನಪ್ಪ ಎಲ್ಲರ ನಡುವೆ ಓದುತ್ತಾರೆ ಎಂದು ಕಾಗದ ಮಡಚಿಡುತ್ತಿದ್ದೆ. ಎಲ್ಲರ ನಡುವೆ ಓದಿದ್ದರೆ ಅವಳಿಗೆ ಒಳ್ಳೆಯದೇ ಆಗುತ್ತಿತ್ತು ಎಂದು ಈಗ ತಿಳಿಯುತ್ತದೆ. ಆಗಲೂ ತಿಳಿದಿತ್ತು, ಸುಳ್ಳು ಯಾಕೆ ಹೇಳಲಿ.

ಮೂರು ವರ್ಷದ ಮೇಲೆ ಕೈಯಲ್ಲಿ ಮಗನನ್ನು ಎತ್ತಿಕೊಂಡು ಧಾರವಾಡಕ್ಕೆ ಹೋದೆ. ಶೀನಪ್ಪನ ಮನೆಯಲ್ಲಿ ಇಳಿದುಕೊಂಡೆವು. ಗಂಗಕ್ಕ ಅಡಿಗೆಮನೆಯಲ್ಲಿದ್ದಳು, ಬೆನ್ನು ಸ್ವಲ್ಪ ಬಾಗಿತ್ತು. ಮರುದಿನ ಬೆಳಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಅವಳ ಹತ್ತಿರ ಕೂತೆ. ಅವಳು ಹುಣಸೆಹಣ್ಣು ಕಿವುಚುತ್ತಿದ್ದಳು.

"ಅಕ್ಕಾ, ಆ ಬ್ಯಾಸಿಗ್ಯಾಗ ಗೂಡಿನ ಖೋಲ್ಯಾಗ ನೀರು ಹೊಡದಾಕಿ ನಾನು," ಎಂದೆ.

"ಗೊತ್ತದ," ಎಂದಳು. ಕೈ ನಿಲ್ಲಲಿಲ್ಲ. "ಬಂದ ದಿನಾನ ಗೊತ್ತಾತು. ಕಿಡಕಿಗೆ ಲಾವಂಚದ ಬೇರು ಹತ್ತಿದ್ವಲ್ಲ."

"ಮತ್ತ ಯಾಕ ಹೇಳಲಿಲ್ರಿ?"

"ನಾ ಹೇಳಿದ್ರ ಏನಂತಿದ್ರು? ಗಂಡ ಸತ್ತಾಕಿ ತನ್ನ ತಪ್ಪು ಹೊಸಾ ಮುತ್ತೈದಿ ಮ್ಯಾಲೆ ಹೊರಿಸಿದ್ಲು ಅಂತಿದ್ರು. ಹೇಳೂದಿದ್ರ ನೀನ ಹೇಳಬೇಕಾಗಿತ್ತು."

"ತಪ್ಪಾತ್ರಿ ಅಕ್ಕಾ," ಎಂದು ಅವಳ ಕಾಲು ಮುಟ್ಟಲು ಹೋದೆ. ಮಡಿ ಎಂದು ಹಿಂದೆ ಸರಿದಳು.

"ನೀರು ಹಾಕಿದ್ದು ಏನು ಮಹಾ ತಪ್ಪು, ಸುಧಾ? ನಿನಗ ತಿಳೀದ ಮಾಡಿದಿ. ನಾನು ಹೋಗಬಾರದಿತ್ತು, ಹೋದೆ. ಆದರ ಅವತ್ತ ಸೋನಬಾ ಕೇಳಿದಾಗ ನಾ ಬಾಗಲಾಗ ನಿಂತು ನಿನ್ನ ಮಾರಿನ ನೋಡ್ತಿದ್ದೆ. ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ ಕಾಯ್ತಿದ್ದೆ. ನೀ ಒಂದು ಮಾತು ಅಂದಿದ್ರ ಆ ಸಾಹೇಬ ನನ್ನ ಇಟ್ಕೋತಿದ್ದ."

ನನಗೆ ಅಳು ಬಂತು. ಅವಳು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. ಹುಣಸೆರಸ ಸೋಸಿ ಸಾರಿಗೆ ಹಾಕಿದಳು. ಆಮೇಲೆ, "ಎಲಿ ಹಾಕು ಹೋಗು, ಗಂಡಸರು ಬರೂ ಹೊತ್ತಾತು," ಎಂದಳು.

ಗಂಡಸರದು ಮುಗಿದ ಮೇಲೆ ನಾವು ಹೆಂಗಸರು ಕೂತೆವು. ಗಂಗಕ್ಕ ಅನ್ನದ ಪಾತ್ರೆ ಹಿಡಿದು ಸಾಲಿನ ಆ ತುದಿಯಿಂದ ಬಂದಳು. ನನ್ನ ಎಲೆಯ ಮುಂದೆ ಬಾಗಿ, ಎಲ್ಲರಿಗೂ ಬಡಿಸಿದಷ್ಟೇ ನನಗೂ ಬಡಿಸಿ, ಪಕ್ಕದ ಎಲೆಗೆ ಹೋದಳು.